ಅಪ್ಪಯ್ಯನ ಕಂಪ್ಯೂಟರಿಗೆ ಕಾವಲು ಯಾರು?

ಏಪ್ರಿಲ್ ಕೊನೆಗೆ ಮಧ್ಯಾಹ್ನದ ಮೋಡ ಕಟ್ಟತೊಡಗಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಪ್ಲಗ್ಗುಗಳನ್ನು ಕೀಳುತ್ತಾರೆ. ಟಿವಿ, ಮೋಡೆಮ್, ಕಂಪ್ಯೂಟರ್, ಒಂದನ್ನೂ ಬಿಡುವುದಿಲ್ಲ. ಟೆಲಿಫೋನ್ ತಂತಿಯಲ್ಲಿ ಇಳಿದ ಸಿಡಿಲಿಗೆ ಮೋಡೆಮ್ ಸುಟ್ಟ ಕತೆ ಈ ಭಾಗದಲ್ಲಿ ಊರೂರಿಗೂ ಇದೆ. ಮಳೆ ಹಿಡಿದ ಮೇಲಂತೂ ಮರ ಬಿದ್ದು ಲೈನ್ ಹೋದರೆ ನಗರ, ನಿಟ್ಟೂರು, ಹುಲಿಕಲ್, ಆಗುಂಬೆಯಂಥ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಪ್ಲಗ್ ಕಿತ್ತಿಡುವ ಈ ಎಚ್ಚರ ಸರಿಯಾದದ್ದೇ. ಆದರೆ ಹಳೆಯ ಡೆಸ್ಕ್‌ಟಾಪ್ ಒಂದರ ಮೇಲೆ ಅದರ ಪರಿಣಾಮ ಏನೆಂಬುದು ಗೊತ್ತಿದ್ದರೆ ಎಷ್ಟೋ ‘ಸೆಕ್ಯುರಿಟಿ ಎರರ್’ಗಳ ಭಯ ಅಲ್ಲಿಗೇ ಕಳೆಯುತ್ತದೆ.

ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆಯಂಥ ಸೆಲ್ ಇರುತ್ತದೆ. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿದ್ದರೆ ಕಂಪ್ಯೂಟರ್ ಬಂದ್ ಆಗಿದ್ದಾಗಲೂ ಒಳಗಿನ ಗಡಿಯಾರಕ್ಕೆ ಬೇಕಾದ ಚೂರು ವಿದ್ಯುತ್ ಯಂತ್ರಕ್ಕೆ ಕರೆಂಟ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದಲೇ ಸಿಗುತ್ತದೆ. ಪ್ಲಗ್ ಕಿತ್ತ ಕ್ಷಣದಿಂದ ಆ ಹೊರೆಯೆಲ್ಲ ಸೆಲ್ಲಿನ ಮೇಲೆ. ವರ್ಷದಲ್ಲಿ ತಿಂಗಳುಗಟ್ಟಲೆ ಹೀಗೆ ಕಳೆಯುವ ಮಲೆನಾಡಿನ ಯಂತ್ರದಲ್ಲಿ ಸೆಲ್ ಬೇಗ ಸೋಲುತ್ತದೆ. ಸೋತ ಮೇಲೆ ಪ್ರತಿ ಸಲ ಚಾಲೂ ಮಾಡಿದಾಗಲೂ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಮೂಲೆಯಲ್ಲಿ ಸಣ್ಣಗೆ ಕಾಣುವ ಆ ದಿನಾಂಕವನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಬ್ಯಾಂಕಿನ ಪುಟ ತೆರೆದಾಗ ಬರುವ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಮಾಹಿತಿಯನ್ನು ಯಾರೋ ಕದಿಯುತ್ತಿರಬಹುದು’ ಎಂಬರ್ಥದ ಇಂಗ್ಲಿಷ್ ಎಚ್ಚರಿಕೆ.

ಇಲ್ಲಿ ಕಳ್ಳ ಯಾರೂ ಬಂದಿರುವುದಿಲ್ಲ. ಬ್ಯಾಂಕಿನ ತಾಣ, ಪಹಣಿ ತೆಗೆಯುವ ಭೂಮಿ ತಾಣ, ಮೇಲ್, ಹೀಗೆ ಸುರಕ್ಷಿತ ತಾಣ ಪ್ರತಿಯೊಂದಕ್ಕೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅದು ಸಿಂಧು ಎಂದು ಅದರಲ್ಲೇ ಬರೆದಿರುತ್ತದೆ. 2015ರಲ್ಲಿದ್ದೇನೆ ಎಂದು ನಂಬಿರುವ ಕಂಪ್ಯೂಟರಿಗೆ ಈ ವರ್ಷ ಕೊಟ್ಟ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಅದು ಒಪ್ಪುವುದಿಲ್ಲ. ವಿಂಡೋಸ್ ಅಪ್‌ಡೇಟ್ ಕೂಡ ಇದೇ ಪ್ರಮಾಣಪತ್ರಗಳನ್ನು ನಂಬಿ ನಡೆಯುವುದರಿಂದ ಅದೂ ನಿಲ್ಲುತ್ತದೆ. ವಿಂಡೋಸಿನದೇ ಕಾವಲು ತಂತ್ರಾಂಶವಾದ ಡಿಫೆಂಡರಿಗೆ ಹೊಸ ವೈರಸ್ ಪಟ್ಟಿ ಇಳಿಯುವುದಿಲ್ಲ, ಕೆಂಪು ಗುರುತು ಬಂದು ಕೂರುತ್ತದೆ. ನೆಟ್ ಸಿಕ್ಕ ಮೇಲೆ ಗಡಿಯಾರ ತಾನೇ ಸರಿಹೋಗುತ್ತದಲ್ಲ ಎಂದರೆ, ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದಾಗ ಮನೆಯ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಮೊದಲು ದಿನಾಂಕವನ್ನು ಕೈಯಿಂದ ಸರಿಮಾಡಬೇಕು, ಸಮಯ ವಲಯ ಭಾರತದ್ದೇ ಇದೆಯೇ ನೋಡಬೇಕು, ಆಮೇಲೆ ಹೊಸ ಸೆಲ್ ಹಾಕಬೇಕು. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ವಸ್ತು ಅದು.

ಇಷ್ಟು ಸಣ್ಣ ದೋಷ ಇಷ್ಟು ದೊಡ್ಡ ಹೆದರಿಕೆಯ ವೇಷದಲ್ಲಿ ಬರುವುದೇ ಮನೆಯ ಕಂಪ್ಯೂಟರಿನ ನಿಜವಾದ ತೊಂದರೆ.

2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವರು ಜಗಲಿಯ ಮೇಲೂ ಅಡಿಕೆ ಅಟ್ಟದ ಕೆಳಗೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ವಿದ್ಯಾರ್ಥಿಗಳ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ಒತ್ತಡದಲ್ಲಿ ಎಷ್ಟೋ ಮನೆಗೆ ನೆಟ್ ಬಂತು, ಯಂತ್ರವೂ ಬಂತು. ಕಚೇರಿಗಳು ತೆರೆದ ಮೇಲೆ ಮಕ್ಕಳು ಹೊರಟರು. ಹಳೆಯ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಮನೆಯಲ್ಲೇ ಉಳಿಯಿತು. ಈಗ ಅದರಲ್ಲಿ ಅಪ್ಪಯ್ಯ ತೋಟದ ಲೆಕ್ಕ ಬರೆಯುತ್ತಾರೆ, ಅಮ್ಮ ಸ್ವಸಹಾಯ ಸಂಘದ ಪುಸ್ತಕ ನೋಡಿಕೊಳ್ಳುತ್ತಾರೆ, ರಾತ್ರಿ ಯಕ್ಷಗಾನ ನಡೆಯುತ್ತದೆ. ಕೆಟ್ಟಾಗ ಫೋನ್ ಹೋಗುವುದು ಬೆಂಗಳೂರಿಗೆ. ‘ಎಂತದೋ ಕೆಂಪು ಬಂದು ಕೂತಿದೆ, ಸ್ವಲ್ಪ ನೋಡೋ’ ಎನ್ನುತ್ತದೆ ಈ ಕಡೆಯ ದನಿ. ಮೀಟಿಂಗ್ ನಡುವೆ ಫೋನ್ ಎತ್ತಿದ ಆ ಕಡೆಯ ದನಿ ‘ಅದನ್ನ ಆಫ್ ಮಾಡಿಬಿಡಿ ಅಪ್ಪಯ್ಯ, ಏನೂ ಆಗಲ್ಲ’ ಎನ್ನುತ್ತದೆ.

ಈ ಉತ್ತರವೇ ಸರಿಯಿಲ್ಲ. ಕಾವಲನ್ನು ತೆಗೆದರೆ ಕೆಂಪು ಗುರುತು ಹೋಗಬಹುದು, ಕಾರಣ ಅಲ್ಲೇ ಇರುತ್ತದೆ. ಬಂದ್ ಮಾಡುವ ಮೊದಲು ಆ ಎಚ್ಚರಿಕೆ ಯಾವ ಜಾತಿಯದು ಎಂದು ತಿಳಿಯಬೇಕು. ಗಡಿಯಾರದ್ದೇ, ಪ್ರಿಂಟರಿನಂಥ ಸಾಧನ ನಡೆಸುವ ಹಳೆಯ ಡ್ರೈವರಿನದೇ, ಯಾರೋ ಬಿಟ್ಟುಹೋದ ಸೆಟ್ಟಿಂಗಿನದೇ, ಅಥವಾ ನಿಜವಾದ ದಾಳಿಯದೇ ಎಂದು ನೋಡಲು ಹತ್ತು ನಿಮಿಷ ಸಾಕಾಗುತ್ತದೆ.

ಕೆಲವೊಮ್ಮೆ ಎಚ್ಚರಿಕೆಯೇ ಸುಳ್ಳಾಗಿರುವುದೂ ಉಂಟು. 2023ರ ಮಾರ್ಚಿನಲ್ಲಿ ವಿಂಡೋಸ್ 11ಕ್ಕೆ ಬಂದ ಡಿಫೆಂಡರ್ ಅಪ್‌ಡೇಟ್ ಒಂದರ ನಂತರ ‘ಲೋಕಲ್ ಸೆಕ್ಯುರಿಟಿ ಅಥಾರಿಟಿ ರಕ್ಷಣೆ ಬಂದ್ ಆಗಿದೆ, ನಿಮ್ಮ ಯಂತ್ರ ಅಪಾಯದಲ್ಲಿರಬಹುದು’ ಎಂಬ ಹಳದಿ ಸೂಚನೆ ಜಗತ್ತಿನಾದ್ಯಂತ ಕಂಪ್ಯೂಟರುಗಳಲ್ಲಿ ಕಾಣಿಸಿತು. ರಕ್ಷಣೆ ಚಾಲೂ ಇತ್ತು. ತೋರಿಸುವ ಪುಟ ತಪ್ಪಾಗಿತ್ತು. ಮರುಚಾಲೂ ಮಾಡಿ ಎನ್ನುತ್ತಿತ್ತು, ಮಾಡಿದರೆ ಮತ್ತೆ ಅದನ್ನೇ ಹೇಳುತ್ತಿತ್ತು. ಒಮ್ಮೆ ಮರುಚಾಲೂ ಮಾಡಿದ್ದರೆ ಆ ಸೂಚನೆಯನ್ನು ತಳ್ಳಿಬಿಡಿ ಎಂದು ಮೈಕ್ರೋಸಾಫ್ಟ್ ತಾನೇ ಹೇಳಬೇಕಾಯಿತು. 2025ರ ಬೇಸಿಗೆಯ ಅಪ್‌ಡೇಟಿನ ನಂತರ ಫೈರ್‌ವಾಲ್ ಸಂರಚನೆ ಓದಲಾಗಲಿಲ್ಲ ಎಂಬ ದೋಷ ವಿಂಡೋಸಿನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರಿನಲ್ಲಿ ದಾಖಲಾಗತೊಡಗಿದಾಗಲೂ ಅದರಿಂದ ತೊಂದರೆಯಿಲ್ಲ ಎಂಬ ಉತ್ತರವೇ ಬಂತು. ಹೊಸ ಎಚ್ಚರಿಕೆ ಕಂಡ ದಿನ ಆ ವಾಕ್ಯವನ್ನು ಹಾಗೆಯೇ ಹುಡುಕಿ ನೋಡಿದರೆ ಅದು ಒಂದೇ ಮನೆಯ ಸಮಸ್ಯೆಯೋ ಊರಿನದ್ದೋ ಎಂಬುದು ಗೊತ್ತಾಗುತ್ತದೆ.

ಗಂಭೀರವಾಗಿ ನೋಡಲೇಬೇಕಾದ ಸೂಚನೆಯೊಂದಿದೆ. ವಿಂಡೋಸ್ ಸೆಕ್ಯುರಿಟಿ ತೆರೆದರೆ ‘ನಿಮ್ಮ ಐಟಿ ಅಡ್ಮಿನಿಸ್ಟ್ರೇಟರ್ ಈ ಭಾಗವನ್ನು ನಿರ್ಬಂಧಿಸಿದ್ದಾರೆ’ ಎಂದು ಬರುತ್ತದೆ. ಕೋಣಂದೂರಿನ ಮನೆಯಲ್ಲಿ ಐಟಿ ಅಡ್ಮಿನಿಸ್ಟ್ರೇಟರ್ ಎಲ್ಲಿಂದ ಬರಬೇಕು? ಸಾಧ್ಯತೆ ಮುಖ್ಯವಾಗಿ ಮೂರು. ಮಗಳೋ ಅಳಿಯನೋ ಕೆಲಸ ಮಾಡುತ್ತಿದ್ದ ಕಂಪನಿಯ ಹಳೆಯ ಲ್ಯಾಪ್‌ಟಾಪ್ ಇದಾಗಿರಬಹುದು. ಕಂಪನಿಯ ನಿಯಂತ್ರಣ ಇನ್ನೂ ಬಿಟ್ಟಿರುವುದಿಲ್ಲ. ಸೆಟ್ಟಿಂಗ್ಸ್‌ನ ಖಾತೆಗಳ ಪುಟದಲ್ಲಿ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಎಂಬಲ್ಲಿ ಆ ಕಂಪನಿಯ ಹೆಸರು ಕಾಣುತ್ತದೆ, ಬಿಡಿಸಿಕೊಡಬೇಕಾದವರೂ ಅವರೇ. ಎರಡನೆಯದು, ಹಿಂದೆ ಹಾಕಿದ್ದ ಯಾವುದೋ ಆ್ಯಂಟಿವೈರಸ್ ಡಿಫೆಂಡರನ್ನು ತಡೆದಿಟ್ಟು, ತಾನು ಹೋದರೂ ಆ ತಡೆಯನ್ನು ಬಿಟ್ಟುಹೋಗಿರುವುದು.

ಮೂರನೆಯದು ಈ ಭಾಗದಲ್ಲಿ, ಈ ಭಾಗವೇನು, ದೇಶದೆಲ್ಲೆಡೆ ಇರುವ ರೂಢಿ. ಪರವಾನಗಿ ಇಲ್ಲದ ವಿಂಡೋಸ್ ಹಾಕಿ ‘ಆ್ಯಕ್ಟಿವೇಟರ್’ ಎಂಬ ಕಡತ ಓಡಿಸಿ ಕೊಡುವುದು. ಈ ಆ್ಯಕ್ಟಿವೇಟರ್ ಓಡಬೇಕಾದರೆ ಡಿಫೆಂಡರ್ ಬಂದ್ ಆಗಬೇಕು. ಹಾಗಾಗಿ ಹಾಕುವವರು ಅದನ್ನು ಬಂದ್ ಮಾಡುತ್ತಾರೆ, ಇಲ್ಲವೇ ಒಂದು ಇಡೀ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡುತ್ತಾರೆ. ಗಿರಾಕಿಗೆ ಇದನ್ನು ಯಾರೂ ಹೇಳುವುದಿಲ್ಲ. ಮನೆಗೆ ತಂದ ಯಂತ್ರದಲ್ಲಿ ಹಿಂಬಾಗಿಲು ವರ್ಷಗಟ್ಟಲೆ ತೆರೆದೇ ಇರುತ್ತದೆ. ಡಿಫೆಂಡರಿನ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ತೆರೆದು ನೋಡುವುದು ಇದಕ್ಕೇ. ಸಾಮಾನ್ಯ ಮನೆಯ ಕಂಪ್ಯೂಟರಿನಲ್ಲಿ ಆ ಪಟ್ಟಿ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ, ಅದರಲ್ಲೂ ಇಡೀ ಸಿ ಡ್ರೈವೇ ಅಲ್ಲಿದ್ದರೆ, ಕಡತಗಳನ್ನು ನಕಲು ಮಾಡಿಟ್ಟುಕೊಂಡು ವಿಂಡೋಸನ್ನು ಹೊಸದಾಗಿ, ಸರಿಯಾದ ಪರವಾನಗಿಯೊಂದಿಗೆ ಹಾಕಿಸುವುದೊಂದೇ ನಂಬಬಹುದಾದ ದಾರಿ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇದರ ಬಗ್ಗೆ ರಾಜಿ ಸಲ್ಲದು.

ಸೋಂಕಿನ ಸಂಶಯ ಇದ್ದಾಗ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಒಳ್ಳೆಯದು. ವಿಂಡೋಸ್ ಏಳುವ ಮೊದಲೇ ಅದು ತಪಾಸಣೆ ಮಾಡುವುದರಿಂದ ಅಡಗಿ ಕೂತದ್ದೂ ಸಿಗುತ್ತದೆ. ಕಾಲು ಗಂಟೆಯಷ್ಟು ಹಿಡಿಯುವ ಕೆಲಸ; ಮಳೆಗಾಲದಲ್ಲಿ ಯುಪಿಎಸ್ ಚಾರ್ಜ್ ಇದೆಯೇ ನೋಡಿಯೇ ಶುರುಮಾಡಬೇಕು. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ ಇಂಥ ಶುದ್ಧಿಗೆ ಉಚಿತ ಉಪಕರಣಗಳನ್ನು ಕೊಡುತ್ತದೆ. ಇನ್ನು, ಒಂದು ಸಾಲದೆಂದು ಎರಡೆರಡು ಆ್ಯಂಟಿವೈರಸ್ ಹಾಕಿಸುವುದು ಬೇಡ. ಒಂದೇ ಕಡತವನ್ನು ಎರಡೂ ಹಿಡಿದು ಎಳೆದಾಡಿ ಯಂತ್ರ ತೆವಳತೊಡಗುತ್ತದೆ.

‘ಮೆಮೊರಿ ಇಂಟಿಗ್ರಿಟಿ ಬಂದ್ ಆಗಿದೆ’ ಎನ್ನುವುದು ಇನ್ನೊಂದು ಪರಿಚಿತ ದೂರು. ವಿಂಡೋಸಿನ ಒಳಮನೆಗೆ ಅನುಮಾನದ ಡ್ರೈವರುಗಳು ನುಗ್ಗದಂತೆ ನೋಡಿಕೊಳ್ಳುವ ಈ ಸೌಲಭ್ಯ 2018ರಿಂದ ಮನೆಯ ಕಂಪ್ಯೂಟರುಗಳಿಗೂ ಸಿಕ್ಕಿದೆ. ಹೊಂದಿಕೆಯಾಗದ ಹಳೆಯ ಡ್ರೈವರ್ ಒಂದೇ ಒಂದು ಉಳಿದಿದ್ದರೂ ಈ ಸೌಲಭ್ಯ ಚಾಲೂ ಆಗಲು ಒಪ್ಪುವುದಿಲ್ಲ. ಎಂದೋ ಗುಜರಿಗೆ ಹೋದ ಪ್ರಿಂಟರ್, ಸಿಗ್ನಲಿಗಾಗಿ ಕಿಟಕಿಗೆ ಕಟ್ಟಿದ್ದ ಆ ಕಾಲದ ನೆಟ್‌ಸೆಟ್ಟರ್, ಉಪನಯನದ ಫೋಟೋ ತುಂಬಿದ ಹೊರಗಿನ ಹಾರ್ಡ್ ಡಿಸ್ಕ್, ಇವೆಲ್ಲ ತಂತಮ್ಮ ಡ್ರೈವರನ್ನು ಬಿಟ್ಟುಹೋಗಿರುತ್ತವೆ. ‘ಹೊಂದಿಕೆಯಾಗದ ಡ್ರೈವರುಗಳನ್ನು ನೋಡಿ’ ಎಂಬ ಕೊಂಡಿ ಒತ್ತಿದರೆ ಕಡತದ ಹೆಸರೂ ತಯಾರಕರ ಹೆಸರೂ ಬರುತ್ತವೆ. ಸಾಧನ ಬಳಕೆಯಲ್ಲಿದ್ದರೆ ಹೊಸ ಡ್ರೈವರ್ ಹಾಕಬೇಕು, ಇಲ್ಲದಿದ್ದರೆ ಹಳೆಯದನ್ನು ತೆಗೆಯಬೇಕು. ಅಂತರ್ಜಾಲದಲ್ಲಿ ಸಿಗುವ ‘ಡ್ರೈವರ್ ಅಪ್‌ಡೇಟರ್’ಗಳ ಸಹವಾಸ ಮಾಡಬಾರದು.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗಬಹುದಾದ ತೊಡಕು ಬೇರೆಯದೇ. ಹೊಸ ತಂತ್ರಾಂಶ ಇಳಿಸಿಕೊಂಡಾಗ ಅಡ್ಡ ಬರುವ ‘ಸ್ಮಾರ್ಟ್‌ಸ್ಕ್ರೀನ್’ ಎಂಬ ನೀಲಿ ಪರದೆ, ಆ ತಂತ್ರಾಂಶಕ್ಕೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎನ್ನುವುದರ ಜೊತೆಗೆ ಎಷ್ಟು ಜನ ಅದನ್ನು ಬಳಸಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕೋಟ್ಯಂತರ ಜನ ಇಳಿಸಿಕೊಳ್ಳುವ ಇಂಗ್ಲಿಷ್ ತಂತ್ರಾಂಶ ಸಲೀಸಾಗಿ ದಾಟುತ್ತದೆ. ನಾಲ್ಕೈದು ಸಾವಿರ ಜನರಷ್ಟೇ ಬಳಸುವ ಕನ್ನಡದ ಫಾಂಟ್ ಪರಿವರ್ತಕವೋ ಪಂಚಾಂಗದ ತಂತ್ರಾಂಶವೋ ಯಾವ ತಪ್ಪೂ ಮಾಡದೆ ಅನುಮಾನಕ್ಕೆ ಗುರಿಯಾಗುತ್ತದೆ. ಸಣ್ಣ ಭಾಷಾ ಸಮುದಾಯಗಳ ಮೇಲೆ ಈ ಪದ್ಧತಿ ಹೇರುವ ಭಾರದ ಬಗ್ಗೆ ಮಾತಾಡುವವರು ಕಡಿಮೆ. ಪರಿಹಾರವೆಂದರೆ ಮಾಡಿದವರ ಅಧಿಕೃತ ತಾಣದಿಂದಷ್ಟೇ ಇಳಿಸಿಕೊಂಡು, ಸ್ಕ್ಯಾನ್ ಮಾಡಿ, ಆ ಒಂದು ಕಡತಕ್ಕೆ ಮಾತ್ರ ಒಪ್ಪಿಗೆ ಕೊಡುವುದು. ಸ್ಮಾರ್ಟ್‌ಸ್ಕ್ರೀನನ್ನೇ ಬಂದ್ ಮಾಡಿದರೆ ನಾಳೆ ಬರುವ ಮೋಸದ ಕಡತಕ್ಕೂ ಅದೇ ದಾರಿ.

ಮಲೆನಾಡಿನ ಮನೆಗಳು ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಡಿಸ್ಕಿನ ಬೀಗದ ಬಗ್ಗೆ. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ರ ಆವೃತ್ತಿಯಿಂದ ಈಚೆಗೆ, ಹೊಸ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಬಹುಪಾಲು ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಗೂಢಲಿಪಿಗೆ ತಿರುಗುತ್ತದೆ. ಕಳ್ಳನ ಕೈಗೆ ಸಿಕ್ಕರೆ ಒಳಗಿನದು ಓದಲಾಗದು, ಒಳ್ಳೆಯ ವ್ಯವಸ್ಥೆ. ಬೀಗ ತೆಗೆಯುವ ಕೀಲಿ ಮದರ್‌ಬೋರ್ಡಿನ ಮೇಲಿನ ಅಥವಾ ಪ್ರೊಸೆಸರಿನೊಳಗಿನ ಟಿಪಿಎಂ ಎಂಬ ಭಾಗದಲ್ಲಿರುತ್ತದೆ. ಚಾಲೂ ಆಗುವಾಗ ಏನಾದರೂ ಬದಲಾಗಿದೆ ಅನ್ನಿಸಿದರೆ ಟಿಪಿಎಂ ಕೀಲಿ ಕೊಡುವುದಿಲ್ಲ. ನೀಲಿ ಪರದೆ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 2024ರ ಜುಲೈ ತಿಂಗಳ ವಿಂಡೋಸ್ ಅಪ್‌ಡೇಟಿನ ನಂತರ ಏನೂ ಬದಲಾಗದ ಯಂತ್ರಗಳೂ ಹೀಗೆ ಕೇಳತೊಡಗಿದ್ದವು. ಅದೇ ತಿಂಗಳ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದಾಗ, ದೊಡ್ಡ ದೊಡ್ಡ ಸಂಸ್ಥೆಗಳೇ ಈ 48 ಅಂಕಿಗಳನ್ನು ಹುಡುಕುತ್ತ ಕೂರಬೇಕಾಯಿತು.

ಈಗ ಇದನ್ನು ಸಿಡಿಲಿನ ಜೊತೆ ಇಟ್ಟು ನೋಡಿ. ಹಳೆಯ ಯಂತ್ರಕ್ಕೆ ಸಿಡಿಲು ಬಡಿದು ಮದರ್‌ಬೋರ್ಡ್ ಹೋದರೆ, ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ಕಡತ ಉಳಿಸಿಕೊಳ್ಳಬಹುದಿತ್ತು. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಲಾಂಚಿನಲ್ಲಿ ಸಿಪಿಯು ಹೇರಿಕೊಂಡು ಸಾಗರಕ್ಕೆ ಬರುತ್ತಿದ್ದದ್ದು ಇಂಥ ರಿಪೇರಿಗೇ. ಬೀಗ ಹಾಕಿದ ಡಿಸ್ಕಿನಲ್ಲಿ ಆ ಉಪಾಯ ನಡೆಯುವುದಿಲ್ಲ. ಬೋರ್ಡಿನೊಂದಿಗೆ ಟಿಪಿಎಂ ಕೂಡ ಹೋಯಿತು. ಡಿಸ್ಕ್ ಚೆನ್ನಾಗಿದ್ದರೂ 48 ಅಂಕಿ ಇಲ್ಲದೆ ರಿಪೇರಿಯವರಾಗಲಿ ಮೈಕ್ರೋಸಾಫ್ಟ್ ಆಗಲಿ ಅದನ್ನು ತೆರೆಯಲಾರರು.

ಆ ಅಂಕಿಗಳಿರುವುದು ಮೊದಲು ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಲ್ಯಾಪ್‌ಟಾಪ್ ಕೊಂಡು ಸಿದ್ಧಮಾಡಿದ್ದು ಬೆಂಗಳೂರಿನ ಮಗನಾದರೆ ಕೀ ಮಗನ ಖಾತೆಗೆ ಸೇರಿದೆ. ಕಂಪ್ಯೂಟರ್ ಬಳಸುವವರು ಅಪ್ಪಯ್ಯ, ದಾಖಲೆ ಅವರವು, ಕೀಲಿ ಮಾತ್ರ ಇನ್ನೊಬ್ಬರಲ್ಲಿ. ಇದು ಬದಲಾಗಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲೂ ಇದೆಯೇ ಎಂದು ಇವತ್ತೇ ನೋಡಬಹುದು. ಇದ್ದರೆ ಮೈಕ್ರೋಸಾಫ್ಟ್ ಖಾತೆಯ ಪುಟದಿಂದ ಆ 48 ಅಂಕಿಗಳನ್ನು, ಆರಾರು ಅಂಕಿಯ ಎಂಟು ಗುಂಪುಗಳಾಗಿ, ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಕಪಾಟಿನಲ್ಲಿ ಇಡಬೇಕು. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬಾರದು. ಖಾತೆಯನ್ನೇ ಅಪ್ಪಯ್ಯನ ಅಥವಾ ಅಮ್ಮನ ಹೆಸರಿನಲ್ಲಿ ಅವರದೇ ಫೋನ್ ನಂಬರಿಗೆ ಮಾಡಿಸುವುದು ಇನ್ನೂ ಒಳ್ಳೆಯದು. ಹಿರಿಯರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಮಕ್ಕಳು ತಾವೇ ತೀರ್ಮಾನಿಸುವುದು ಅನ್ಯಾಯ. ಅಡಿಕೆ ಮಂಡಿಯ ಲೆಕ್ಕ, ಸೊಸೈಟಿ ಸಾಲದ ಬಡ್ಡಿಯನ್ನು ಬಾಯಲ್ಲೇ ಹೇಳುವವರಿಗೆ ಇದು ಕಷ್ಟದ ವಿಷಯವಲ್ಲ.

ಕೀಲಿ ಯಾರಲ್ಲಿರಬೇಕು ಎಂಬ ಪ್ರಶ್ನೆ ವಂಚಕರ ವಿಷಯದಲ್ಲಿ ಇನ್ನೂ ತೀವ್ರವಾಗುತ್ತದೆ. ಬ್ರೌಸರಿನಲ್ಲಿ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪಾಗಿ, ಸೈರನ್ ಕೂಗಿ, ‘ಡಿಫೆಂಡರ್ ಎಚ್ಚರಿಕೆ, ಈ ನಂಬರಿಗೆ ಕರೆ ಮಾಡಿ’ ಎಂದು ಬಂದರೆ ಅದು ಸುಳ್ಳು. ನಿಜವಾದ ಡಿಫೆಂಡರ್ ಫೋನ್ ನಂಬರ್ ಕೊಡುವುದಿಲ್ಲ. ಎಸ್ಕೇಪ್ ಕೀ ಒತ್ತಿಹಿಡಿದು ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿದರೆ ಮುಗಿಯಿತು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಈ ಮೋಸದ ಹಿಂದಿರುವುದು ವ್ಯವಸ್ಥಿತ ಕಾಲ್ ಸೆಂಟರುಗಳು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿದಾಗ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಹೆಸರು ಹೇಳಿ ವಂಚಿಸುತ್ತಿದ್ದವರ ಜಾಲವೂ ಅದರಲ್ಲಿತ್ತು. ದೂರದಿಂದಲೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕಿನಂಥ ತಂತ್ರಾಂಶ ಹಾಕಿಸಿ ಹಣ ಎಗರಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಬೇಕು.

ದೂರದ ಮಕ್ಕಳು ಸಹಾಯ ಮಾಡುವುದಾದರೆ ವಿಂಡೋಸಿನಲ್ಲೇ ಇರುವ ಕ್ವಿಕ್ ಅಸಿಸ್ಟ್ ಸಾಕು. ಕಂಟ್ರೋಲ್, ವಿಂಡೋಸ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಸಹಾಯ ಮಾಡುವವರು ಹೇಳಿದ ಸಂಕೇತವನ್ನು ಮನೆಯವರು ಬರೆಯಬೇಕು, ಅದು ಹತ್ತು ನಿಮಿಷಕ್ಕೆ ಸಾಯುತ್ತದೆ. ಮುಖ್ಯ ಬದಲಾವಣೆಗೆ ವಿಂಡೋಸ್ ಅನುಮತಿ ಕೇಳುವ ಹೊತ್ತಿಗೆ ಬೆಂಗಳೂರಿನ ಪರದೆ ಕಪ್ಪಾಗುತ್ತದೆ. ‘ಯೆಸ್’ ಒತ್ತುವುದು ಮನೆಯಲ್ಲಿ ಕೂತವರಿಂದ ಮಾತ್ರ ಸಾಧ್ಯ. ಸಹಾಯಕರಿಗೆ ಇದು ಕಿರಿಕಿರಿ ಎನ್ನಿಸಬಹುದು. ಆದರೆ ಯಂತ್ರ ಯಾರದೋ ಒಪ್ಪಿಗೆಯೂ ಅವರದೇ ಆಗಿರಬೇಕು. ಕರೆ ತಾವೇ ಮಾಡಿದಾಗ, ತಮಗೆ ಗೊತ್ತಿರುವ ನಂಬರಿಗೆ ಮಾಡಿದಾಗ ಮಾತ್ರ ಆ ಸಂಕೇತ ಬರೆಯಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದರೆ ವಂಚಕನಿಗೆ ಬಾಗಿಲು ಸಿಗುವುದಿಲ್ಲ. ವಿಂಡೋಸಿಗೆ ಕನ್ನಡ ಭಾಷಾ ಪ್ಯಾಕ್ ಕೂಡ ಇದೆ. ಹಾಕಿದರೆ ಮನೆಯವರಿಗೆ ಹಿತ; ಎರಡೂ ಕಡೆ ಅದನ್ನೇ ಹಾಕಿಕೊಂಡರೆ ಫೋನಿನಲ್ಲಿ ಗುಂಡಿಗಳ ಹೆಸರು ಹೇಳುವುದೂ ಸುಲಭ.

ಇನ್ನುಳಿದದ್ದು ವಯಸ್ಸಾದ ಯಂತ್ರಗಳ ಪ್ರಶ್ನೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆ ಬಂತು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಲು ಒಪ್ಪಿದವರು ಹಣ ಕೊಡಬೇಕಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರ್ ಬೇಕು. ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಟಿಪಿಎಂ ಇದ್ದೂ ಯಂತ್ರದ ಮೂಲ ಸೆಟ್ಟಿಂಗಾದ ಬಯಾಸ್‌ನಲ್ಲಿ ಬಂದ್ ಆಗಿರುತ್ತದೆ. ಅದನ್ನು ಚಾಲೂ ಮಾಡಿದರೆ ‘ನಿಮ್ಮ ಯಂತ್ರ ಅರ್ಹವಲ್ಲ’ ಎಂಬ ಸೂಚನೆ ಹೋಗುವುದುಂಟು. ಯಂತ್ರ ಏಳುವಾಗಲೇ ಕಾವಲಿರುವ, ವಿಂಡೋಸ್ 11 ಕೇಳುವ ಸೆಕ್ಯೂರ್ ಬೂಟ್ ವಿಷಯದಲ್ಲಿ ಅವಸರ ಬೇಡ. ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದರೆ ಮೊದಲು ಹೊಸ ಜಿಪಿಟಿ ಪದ್ಧತಿಗೆ ಪರಿವರ್ತಿಸದೆ ಬಯಾಸ್ ಸೆಟ್ಟಿಂಗ್ ಬದಲಾಯಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಸೆಕ್ಯೂರ್ ಬೂಟ್ ಬಳಸುವ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನಿನಿಂದ ಮುಗಿಯತೊಡಗುವಂಥದ್ದು. 2023ರ ಹೊಸ ಪ್ರಮಾಣಪತ್ರಗಳು ಬರುವುದು ಅಪ್‌ಡೇಟ್ ಮೂಲಕ, ಕೆಲವು ಯಂತ್ರಗಳಿಗೆ ತಯಾರಕರ ಬಯಾಸ್ ಅಪ್‌ಡೇಟೂ ಬೇಕು. ಬಯಾಸ್ ಅಪ್‌ಡೇಟಿನ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೈಬಿಡಬಹುದು. ಡೆಸ್ಕ್‌ಟಾಪಿಗೆ ನಂಬಬಹುದಾದ ಯುಪಿಎಸ್ ಇಲ್ಲದೆ, ರಿಕವರಿ ಕೀ ಬರೆದಿಟ್ಟುಕೊಳ್ಳದೆ ಆ ಕೆಲಸಕ್ಕೆ ಕೈಹಾಕಬಾರದು. ಜೂನ್, ಜುಲೈ ತಿಂಗಳಲ್ಲಂತೂ ಮುಂದೂಡುವುದೇ ಲೇಸು.

ಯಾವುದಕ್ಕೂ ಒಗ್ಗದ ಹಳೆಯ ಡೆಸ್ಕ್‌ಟಾಪುಗಳನ್ನು ಎಸೆಯಬೇಕಾಗಿಲ್ಲ. ಡಿಫೆಂಡರಿನ ವೈರಸ್ ಪಟ್ಟಿ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವ್ಯವಸ್ಥೆಯ ಬಿರುಕು ಮುಚ್ಚುವ ಅಪ್‌ಡೇಟ್ ನಿಂತ ಮೇಲೆ ಆ ಪಟ್ಟಿಯೊಂದನ್ನೇ ನಂಬಿ ಬ್ಯಾಂಕ್ ವ್ಯವಹಾರ ಮಾಡಬಾರದು. ಅದನ್ನು ಹೊಸ ಫೋನಿಗೋ ಹೊಸ ಯಂತ್ರಕ್ಕೋ ಸರಿಸಬೇಕು. ಹಳೆಯದರ ನೆಟ್ ಕಿತ್ತು, ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟರೆ, ತೋಟದ ಲೆಕ್ಕಕ್ಕೂ ತುಂಬಿಟ್ಟ ತಾಳಮದ್ದಲೆ ಕೇಳುವುದಕ್ಕೂ ಅದು ಇನ್ನೂ ವರ್ಷಗಟ್ಟಲೆ ಬಾಳುತ್ತದೆ.